ಬೆಳ್ಳಿ ಲೋಟವೂ ಮಾವನವರ ತೋಪಿನ ಲಂಟಾನವೂ

ಗಿಡಮರಗಳ ವಿಷಯದಲ್ಲಿ ಯಾರೂ ನನಗೆ ಏನೂ ಹೇಳಿಕೊಡಬೇಕಾಗಿಲ್ಲ ಎಂದು ನಾನು ಬಹಳ ಕಾಲ ನಂಬಿದ್ದೆ. ಸುಮ್ಮನೆ ನಂಬಿದ್ದಲ್ಲ. ಮೈಸೂರಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಪಾಠ ಮಾಡುವುದಕ್ಕೆ ನನಗೆ ಸಂಬಳ ಕೊಡುತ್ತಿದ್ದರು. ತಿಳಿಯದವನಿಗೆ ಯಾರಾದರೂ ಸಂಬಳ ಕೊಡುತ್ತಾರೆಯೆ? ಎಲೆ ತೋರಿಸಿದರೆ ಕುಲ ಹೇಳುತ್ತಿದ್ದೆ, ಹೂ ತೋರಿಸಿದರೆ ಗೋತ್ರ ಹೇಳುತ್ತಿದ್ದೆ. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ವಿದ್ಯಾರ್ಥಿಗಳ ಜೊತೆ ನಡೆಯುವಾಗ ದಾರಿಯ ಹುಲ್ಲನ್ನೂ ಹೆಸರು ಹಿಡಿದು ಮಾತನಾಡಿಸುತ್ತಿದ್ದೆ. ಇಂಥ ನನ್ನನ್ನು ಬೇಲಿಸಾಲಿನ ಒಂದು ಮುಳ್ಳುಗಿಡ ರೈತರ ಸಭೆಯಲ್ಲಿ ನಗೆಪಾಟಲು ಮಾಡಿತು. ನ್ಯಾಯವಾಗಿ ಹೇಳಬೇಕೆಂದರೆ ಗಿಡದ ತಪ್ಪೇನೂ ಇಲ್ಲ. ಎಲ್ಲಕ್ಕೂ ಮೂಲ ಒಂದು ಲೋಟ.

ನನ್ನ ಮಾವನವರು ಅರಮನೆಯ ಉಗ್ರಾಣದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಒಂಟಿಕೊಪ್ಪಲಿನಲ್ಲಿ ಅವರ ಮನೆ. ಅವರು ಅರಮನೆ ಬಿಟ್ಟು ಬಂದಿದ್ದರೂ ಅರಮನೆಯ ಕ್ರಮ ಅವರನ್ನು ಬಿಟ್ಟಿರಲಿಲ್ಲ. ಯಾರು ಎಲ್ಲಿ ಕೂರಬೇಕು, ಮೊದಲ ಎಲೆ ಯಾರಿಗೆ, ಮಣೆ ಯಾರಿಗೆ, ಬರಿಯ ಚಾಪೆ ಯಾರಿಗೆ ಎಂಬುದೆಲ್ಲ ಆ ಮನೆಯಲ್ಲಿ ದರ್ಬಾರಿನಂತೆ ನಿಶ್ಚಯವಾಗಿತ್ತು. ಆ ದರ್ಬಾರಿನ ಅತಿ ದೊಡ್ಡ ಬಿರುದು ಒಂದು ಬೆಳ್ಳಿ ಲೋಟ. ಯಾವುದೋ ದಸರೆಯಲ್ಲಿ ಅರಮನೆಯಿಂದ ಬಂದದ್ದು, ಮೈಮೇಲೆ ಗಂಡಭೇರುಂಡ ಇತ್ತು. ಮನೆಯಲ್ಲಿ ಬೆಳ್ಳಿಯ ಲೋಟ ಅಂತ ಇದ್ದದ್ದು ಅದೊಂದೇ. ಭಾನುವಾರ ಮಧ್ಯಾಹ್ನದ ಕಾಫಿ ಅದರಲ್ಲಿ ಯಾರಿಗೆ ಬರುತ್ತದೋ ಅವನೇ ಮಾನ್ಯ ಅಳಿಯ. ಮದುವೆಯಾದಂದಿನಿಂದ ಸದರಿ ಲೋಟ ನನ್ನ ಸ್ವಾಧೀನದಲ್ಲಿತ್ತು. ಬೆಳ್ಳಿ ಲೋಟದಲ್ಲಿ ಬಿಸಿ ಕಾಫಿ ಕುಡಿಯುವುದು ಸುಖದ ಕೆಲಸವೇನಲ್ಲ. ಬೆರಳು ಸುಡುತ್ತದೆ, ತುಟಿ ಸುಡುತ್ತದೆ. ಆದರೆ ಸುಟ್ಟುಕೊಳ್ಳುವ ಹಕ್ಕು ನನ್ನೊಬ್ಬನದಾಗಿತ್ತು!

ಹೀಗಿರುವಾಗ ನನ್ನ ಹೆಂಡತಿ ಜಾನಕಿಯ ತಂಗಿ ಪದ್ಮಳಿಗೆ ಮದುವೆಯಾಯಿತು. ನನಗೆ ಒಬ್ಬ ಷಡ್ಡಕ ಪ್ರಾಪ್ತನಾದ. ವಾಸುದೇವ ಅಂತ ಹೆಸರು. ಬೆಂಗಳೂರಿನಲ್ಲಿ ಆಗ ತಾನೇ ಶುರುವಾಗಿದ್ದ ಕೃಷಿ ವಿಶ್ವವಿದ್ಯಾಲಯದಲ್ಲಿ ವಿಸ್ತರಣೆಯ ಕೆಲಸ. ವಿಸ್ತರಣೆ ಎಂದರೆ, ವಿಶ್ವವಿದ್ಯಾಲಯದವರು ಕಂಡುಕೊಂಡದ್ದನ್ನು ಹಳ್ಳಿಗೆ ಹೋಗಿ ರೈತನ ಹೊಲದಲ್ಲೇ ಮಾಡಿ ತೋರಿಸುವುದು. ಆಳು ಎತ್ತರ, ಮಾತು ಮೆತ್ತಗೆ. ಬಡಿಸಿದ್ದನ್ನು ಬೇಡವೆನ್ನದೆ ತಿನ್ನುತ್ತಿದ್ದ. ಅತ್ತೆಯವರ ತುಳಸಿಗೆ ಹುಳು ಹತ್ತಿದಾಗ ಬೂದಿ ಎರಚಿ ಬದುಕಿಸಿದ. ಅದೇ ಗಿಡವನ್ನು ಹಿಂದಿನ ವಾರ ನಾನೂ ಪರೀಕ್ಷಿಸಿದ್ದೆ. ಅದರ ಲ್ಯಾಟಿನ್ ಹೆಸರು ಹೇಳಿ ಬಂದಿದ್ದೆ. ಅತ್ತೆಯವರಿಗೆ ಯಾಕೋ ಬೂದಿಯೇ ಹೆಚ್ಚು ಹಿಡಿಸಿತು.

ನನಗೆ ಹೊಟ್ಟೆಕಿಚ್ಚು ಆಯಿತೆ ಎಂದರೆ, ಆಯಿತು. ಅದನ್ನು ಮುಚ್ಚಿಟ್ಟುಕೊಳ್ಳುವ ಶಕ್ತಿಯೂ ನನಗಿಲ್ಲ. ಆದರೆ ಲೋಟ ಕೈಯಲ್ಲಿರುವ ತನಕ ಕಿಚ್ಚು ಒಲೆಯೊಳಗೇ ಇತ್ತು. ಅಷ್ಟರಲ್ಲಿ ಒಂದು ಸಂಜೆ ವಾಸುದೇವನ ಭಾಷಣ ರೇಡಿಯೊದಲ್ಲಿ ಬಂತು. ಲಂಟಾನ ಎಂಬ ಗಿಡ ನಮ್ಮ ಕಾಡುಗಳನ್ನು ಹೇಗೆ ನುಂಗುತ್ತಿದೆ ಎಂಬುದೇ ವಿಷಯ. ಹಿಂದೆ ಯಾರೋ ಬಂಗಲೆಯ ಅಂದಕ್ಕೆಂದು ಹೊರದೇಶದಿಂದ ತಂದು ನೆಟ್ಟ ಹೂವಿನ ಗಿಡವಂತೆ ಅದು. ಈಗ ಮರಗಳ ಕೆಳಗೆಲ್ಲ ಮುಳ್ಳಿನ ಪೊದೆಯಾಗಿ ಹಬ್ಬಿ, ಹುಲ್ಲು ಬೆಳೆಯದಂತೆ, ಬೇರೆ ಸಸಿ ಏಳದಂತೆ ಮಾಡಿದೆಯಂತೆ. ಇದರಲ್ಲಿ ನನಗೆ ಗೊತ್ತಿಲ್ಲದ ಒಂದು ಮಾತೂ ಇರಲಿಲ್ಲ. ನಾನು ಪ್ರತಿವರ್ಷ ಇದನ್ನೇ ತರಗತಿಯಲ್ಲಿ ಹೇಳುತ್ತೇನೆ, ಹುಡುಗರು ಆಕಳಿಸುತ್ತಾರೆ. ರೇಡಿಯೊದಲ್ಲಿ ಬಂದಾಗ ಮಾವನವರು ಬೀದಿಯವರನ್ನೆಲ್ಲ ಹಜಾರದಲ್ಲಿ ಕೂರಿಸಿ, "ನಮ್ಮ ಅಳಿಯಂದಿರು" ಎಂದು ಪೆಟ್ಟಿಗೆಯ ಕಡೆ ಕೈ ತೋರಿಸಿದರಂತೆ.

ಮುಂದಿನ ಭಾನುವಾರ ನಾವೆಲ್ಲ ಒಂಟಿಕೊಪ್ಪಲಿನಲ್ಲಿ ಸೇರಿದೆವು. ಅತ್ತೆಯವರು ತಟ್ಟೆಯಲ್ಲಿ ಕಾಫಿ ತಂದರು. ನಾನು ಅಭ್ಯಾಸಬಲದಿಂದ ಕೈ ಚಾಚಿದೆ. ಬೆಳ್ಳಿ ಲೋಟ ನನ್ನ ಕೈಯ ಮುಂದಿನಿಂದಲೇ ಹಾದು ವಾಸುದೇವನ ಮುಂದೆ ಹೋಗಿ ಕೂತಿತು. ಚಾಚಿದ ಕೈಯನ್ನು ಹಾಗೇ ಹಿಂದಕ್ಕೆ ತರಲಾರದೆ ಗೋಡೆಯ ಕ್ಯಾಲೆಂಡರು ಸರಿಮಾಡಿದೆ. ನನಗೆ ಬಂದದ್ದು ಕಲಾಯಿ ಹೋದ ಹಿತ್ತಾಳೆ ಲೋಟ.

ಗಾಯದ ಮೇಲೆ ಉಪ್ಪು ಎಂಬಂತೆ ಮಾವನವರು ನನಗೆ ಹೇಳಿದರು: "ಸೀತಾಪತಿಗಳೇ, ಹೂಟಗಳ್ಳಿ ಹತ್ತಿರ ನಮ್ಮದೊಂದು ಹೊಂಗೆ ತೋಪು ಇದೆಯಲ್ಲ, ಅದರ ತುಂಬ ಈ ಲಂಟಾನವೇ. ಶ್ರಾವಣದಲ್ಲಿ ವಾಸುದೇವರಾಯರು ಅಲ್ಲಿ ರೈತರನ್ನ ಸೇರಿಸಿ ಅದನ್ನ ಹೇಗೆ ತೆಗೀಬೇಕು ಅಂತ ಪ್ರಾತ್ಯಕ್ಷಿಕೆ ಮಾಡ್ತಾರಂತೆ."

"ಅಣ್ಣಯ್ಯ ನೀವೂ ಬರಬೇಕು," ಎಂದ ವಾಸುದೇವ ನನ್ನ ಕಡೆ ತಿರುಗಿ. ನನ್ನ ಬೆಳ್ಳಿ ಲೋಟವನ್ನು ಎರಡು ಬೆರಳಲ್ಲಿ ಹಿಡಿದು, "ಏನು ಕಾಯ್ದಿದೆಯಪ್ಪ ಇದು," ಎಂದೂ ಹೇಳಿದ. ಕೊಬ್ಬು ನೋಡಿ!

ಆ ದಿನ ಕೃಷ್ಣಮೂರ್ತಿಪುರಂನ ನಮ್ಮ ಬಾಡಿಗೆ ಮನೆಗೆ ನಡೆದು ಬರುವಾಗ ಜಾನಕಿಯೇ ಕೇಳಿದಳು.

"ಏನ್ರೀ, ಕಾಫಿ ಚೆನ್ನಾಗಿರಲಿಲ್ವೆ?"

"ಕಾಫಿಗೇನಾಗಿದೆ."

"ಲೋಟಕ್ಕೇನಾಗಿತ್ತು?"

ನನ್ನ ತಲೆಯಲ್ಲಿ ಆಗಲೇ ಒಂದು ಯೋಜನೆ ಸಿದ್ಧವಾಗಿತ್ತು. ಶ್ರಾವಣಕ್ಕೆ ಇನ್ನೂ ತಿಂಗಳುಗಟ್ಟಲೆ ಕಾಲವಿದೆ. ಅಷ್ಟರಲ್ಲಿ ನನಗೆ ಬೇಸಿಗೆಯ ರಜವೂ ಬರುತ್ತದೆ. ಅವನು ಬರುವುದರೊಳಗೆ ತೋಪಿನಲ್ಲಿ ಲಂಟಾನವೇ ಇಲ್ಲದಂತೆ ಮಾಡಿಬಿಟ್ಟರೆ? ಕಳೆಯೇ ಇಲ್ಲದ ಮೇಲೆ ಪ್ರಾತ್ಯಕ್ಷಿಕೆ ಏನನ್ನು ಮಾಡುತ್ತಾನೆ, ತನ್ನ ತಲೆಯನ್ನೆ? ಒಬ್ಬನ ಹಣ ಕದಿಯುವವರಿದ್ದಾರೆ, ಒಡವೆ ಕದಿಯುವವರಿದ್ದಾರೆ. ಷಡ್ಡಕನ ಕಳೆ ಕದ್ದವನು ಮೈಸೂರು ಸೀಮೆಯಲ್ಲಿ ನಾನೊಬ್ಬನೇ ಇರಬೇಕು.

ರಜ ಬಂದ ಕೂಡಲೇ ಕುಂಬಾರಕೊಪ್ಪಲಿಗೆ ಹೋದೆ. ಅಲ್ಲಿ ಚೆಲುವಯ್ಯ ಎಂಬ ಕುಂಬಾರ ನನಗೆ ಪರಿಚಯ. ನಮ್ಮ ಮನೆಗೆ ಹೂವಿನ ಕುಂಡ, ನೀರಿನ ಗುಡಾಣ ಎಲ್ಲ ಅವನದೇ. ಮಡಕೆ ಸುಡುವ ಆವಿಗೆಗೆ ಅವನಿಗೆ ಸದಾ ಸೌದೆಯ ತಾಪತ್ರಯ. ಒಂದು ತೋಪಿನ ತುಂಬ ಸೌದೆ ಇದೆ, ಕಡಿದುಕೊಂಡು ಹೋಗು, ನನಗೆ ಏನೂ ಕೊಡಬೇಡ ಎಂದೆ. ಅವನು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಜ್ವರಗಿರ ಇಲ್ಲವೆಂದು ಖಾತ್ರಿಮಾಡಿಕೊಂಡು, ಗಾಡಿ ಕಟ್ಟಿಕೊಂಡು ಬಂದ.

ತೋಪಿನ ಮುಂದೆ ನಿಂತು ನೋಡಿದರೆ ಹೊಂಗೆ ಮರಗಳ ಮೇಲುಭಾಗ ಮಾತ್ರ ಕಾಣುತ್ತಿತ್ತು. ಕೆಳಗೆಲ್ಲ ಲಂಟಾನ. ಕೆಂಪು ಹಳದಿ ಹೂವು, ಗೊಂಚಲು ಗೊಂಚಲು ಕರಿ ಹಣ್ಣು, ಮುಟ್ಟಿದರೆ ಘಾಟು ವಾಸನೆ. ಚೆಲುವಯ್ಯ ಮಚ್ಚು ಹಿಡಿದುಕೊಂಡು ಮೊದಲೇ ಕರಾರು ಮಾಡಿದ.

"ಬುದ್ಧೀ, ಮ್ಯಾಲ್ಮ್ಯಾಲೆ ಕಡ್ಕೊಂಡೋಯ್ತೀನಿ. ಬುಡ ಅಗೆಯೋದು ಮಾತ್ರ ನನ್ ಕೈಲಾಗಲ್ಲ. ಆವಿಗೆಗೆ ಬೇರ್ ಯಾತಕ್ಕೆ? ಮಣ್ ಮೆತ್ಕಂಡಿರ್ತದೆ, ಬರೀ ಒಗೆ."

"ಬುಡ ಯಾರಿಗೆ ಬೇಕಯ್ಯ? ಗಿಡಕ್ಕೆ ಎಲೆಯೇ ಅಡುಗೆಮನೆ. ಅಡುಗೆಮನೆಯನ್ನೇ ತೆಗೆದುಬಿಟ್ಟರೆ ಊಟವಿಲ್ಲದೆ ಬುಡ ತಾನಾಗಿ ಸಾಯುತ್ತೆ."

"ಓದ್ದೋರು ಏಳಿದ್ಮೇಲೆ ಆಯ್ತು ಬುದ್ಧಿ," ಎಂದು ಅವನು ಮಚ್ಚು ಬೀಸಿದ.

ನಾನೂ ಸುಮ್ಮನೆ ನಿಲ್ಲಲಿಲ್ಲ. ಪಂಚೆ ಎತ್ತಿ ಕಟ್ಟಿ, ಪೊದೆಯೊಳಕ್ಕೆ ನುಗ್ಗಿದೆ. ಹೊರಗೆ ಬಂದಾಗ ಪಂಚೆ ಒಳಗೇ ಉಳಿದಿತ್ತು. ಕೈಕಾಲೆಲ್ಲ ಗೀರು, ಮೈಯೆಲ್ಲ ನವೆ. ಚೆಲುವಯ್ಯ ತಲೆಯ ವಸ್ತ್ರ ಬಿಚ್ಚಿ ಕೊಟ್ಟು ನನ್ನ ಮಾನ ಕಾಪಾಡಿದ. ಅಲ್ಲಿಂದ ಮುಂದೆ ನಾನು ಮರದ ನೆರಳಿನಲ್ಲಿ ಕೂತು ಮೇಲ್ವಿಚಾರಣೆಯನ್ನಷ್ಟೇ ನೋಡಿಕೊಂಡೆ. ದಿನವೂ ಗಾಡಿ ತುಂಬುವುದು, ದಿನವೂ ಸಾಗುವುದು. ತೋಪು ಬೋಳಾಗುತ್ತ ಬಂತು. ನೆಲ ಕಂಡಿತು, ಮರದ ಬುಡ ಕಂಡಿತು, ಆಚೆ ಕಡೆಯಿಂದ ಈಚೆ ಕಡೆಗೆ ಗಾಳಿ ಬೀಸಿತು. ಅಲ್ಲಲ್ಲಿ ಗೇಣುದ್ದದ ಕೂಳೆಗಳು ಇದ್ದವು. ಅವನ್ನು ಯಾರು ನೋಡುತ್ತಾರೆ?

ಕೊನೆಯ ಹೊರೆಯ ದಿನ ನನಗೆ ಇನ್ನೊಂದು ಬುದ್ಧಿ ಬಂತು. ಮಾವನವರಿಗೆ ಈ ಸಾಧನೆ ಗೊತ್ತಾಗುವುದು ಹೇಗೆ? ಬಾಯಿಬಿಟ್ಟು ಹೇಳಿಕೊಂಡರೆ ಮರ್ಯಾದೆಯಲ್ಲ. ಆದ್ದರಿಂದ ಚೆಲುವಯ್ಯನಿಗೆ, "ಗಾಡಿಯನ್ನ ಒಂಟಿಕೊಪ್ಪಲಿನ ಕಡೆಯಿಂದ ಹೊಡೆ, ಮಾವನವರ ಮನೆ ಮುಂದೆ ಹಾದು ಹೋಗಲಿ," ಎಂದೆ. ಸುತ್ತುದಾರಿ ಎಂದು ಗೊಣಗಿದರೂ ಹೊಡೆದ. ಮುಂದೆ ಗಾಡಿ, ಹಿಂದೆ ಸೈಕಲಿನ ಮೇಲೆ ನಾನು. ಜಂಬೂಸವಾರಿಯಲ್ಲಿ ಆನೆಯ ಹಿಂದೆ ಹೋಗುವ ಅಧಿಕಾರಿಯ ಗತ್ತು. ಗಾಡಿ ಕುಲುಕಿದಾಗೆಲ್ಲ ಮಾಗಿದ ಹಣ್ಣು ಕರಿಮೆಣಸಿನಂತೆ ಪಟಪಟನೆ ರಸ್ತೆಯ ಪಕ್ಕಕ್ಕೆ ಉದುರುತ್ತಿತ್ತು. ನಾನೇ ಕಣ್ಣಾರೆ ನೋಡಿದೆ. ಬೀಜಪ್ರಸಾರ ಎಂಬ ಅಧ್ಯಾಯವನ್ನು ವರ್ಷಾವರ್ಷ ಪಾಠ ಮಾಡುವವನೂ ನಾನೇ.

ಮಾವನವರು ಗೇಟಿನ ಹತ್ತಿರ ಬಂದು ನಿಂತರು.

"ಏನಿದು ಸೀತಾಪತಿಗಳೇ?"

"ಏನಿಲ್ಲ ಮಾವ, ತೋಪು ಸ್ವಲ್ಪ ಶುಚಿ ಮಾಡಿಸಿದೆ. ಪಾಪ, ವಾಸುದೇವನಿಗೆ ಬೆಂಗಳೂರಿಂದ ಬರೋ ಶ್ರಮ ಯಾಕೆ ಅಂತ."

ಮಾವನವರು ಜಟಕಾ ಮಾಡಿಕೊಂಡು ಹೋಗಿ ತೋಪು ನೋಡಿ ಬಂದರು. ಅವರ ತಂದೆಯ ಕಾಲದಲ್ಲಿ ಅದು ಹೀಗಿತ್ತಂತೆ. ಮುಂದಿನ ಭಾನುವಾರ ಅತ್ತೆಯವರು ತಟ್ಟೆ ತಂದರು. ಈ ಸಲ ನಾನು ಕೈ ಚಾಚಲಿಲ್ಲ. ಲೋಟವೇ ನನ್ನ ಬಳಿಗೆ ಬಂತು. ಬೆರಳು ಸುಟ್ಟಿತು. ಅಂಥ ತಂಪು ನನಗೆ ಮತ್ತೆಂದೂ ಸಿಕ್ಕಿಲ್ಲ.

ಮಾವನವರು ವಾಸುದೇವನಿಗೆ ಕಾಗದ ಬರೆದು ಸಂಗತಿ ತಿಳಿಸಿದರು. ಅವನು ಮುಖ ಸಣ್ಣದು ಮಾಡಿಕೊಂಡಿರುತ್ತಾನೆಂದು ನಾನು ಸಂತೋಷದಿಂದ ಊಹಿಸಿಕೊಂಡೆ. ಉತ್ತರ ಬಂತು. ಬಹಳ ಸಂತೋಷ, ಹಾಗಾದರೆ ಇನ್ನೂ ಒಳ್ಳೆಯದಾಯಿತು, ಗೊತ್ತು ಮಾಡಿದ ದಿನವೇ ರೈತರನ್ನು ಕರೆತರುತ್ತೇನೆ, ಶುಚಿಯಾದ ತೋಪನ್ನು ತೋರಿಸಿ ಅಣ್ಣಯ್ಯನವರೇ ತಮ್ಮ ವಿಧಾನವನ್ನು ವಿವರಿಸಲಿ ಎಂದು ಬರೆದಿದ್ದ. ನಾನು ಆನಂದದಿಂದ ಉಬ್ಬಿದೆ. ಅವನದೇ ಸಭೆ, ಅವನದೇ ರೈತರು, ಭಾಷಣ ನನ್ನದು! ಅಂದೇ ಕೂತು ಸೃಷ್ಟಿಯ ಆರಂಭದಿಂದ ಶುರುಮಾಡಿ ಭಾಷಣ ಬರೆಯತೊಡಗಿದೆ.

ಇಲ್ಲಿ ಒಂದು ಚಿಕ್ಕ ವಿಷಯ ಹೇಳಬೇಕು. ಕಡಿದ ಲಂಟಾನದಲ್ಲಿ ನೆಟ್ಟಗಿದ್ದ ಕೆಲವು ಕಡ್ಡಿಗಳನ್ನು ಆರಿಸಿ ಮನೆಗೆ ತಂದಿದ್ದೆ. ನಮ್ಮ ಹಿತ್ತಿಲಲ್ಲಿ ಜಾನಕಿ ಹೀರೆಬಳ್ಳಿ ಹಾಕಿದ್ದಳು. ಅದಕ್ಕೆ ಚಪ್ಪರದ ಊರುಗೋಲಾಗಿ ಇವನ್ನು ನೆಟ್ಟೆ. ಮೊದಲ ಮಳೆ ಬಿದ್ದ ಮೇಲೆ ಒಂದು ಬೆಳಗ್ಗೆ ಜಾನಕಿ ಹಿತ್ತಿಲಿಂದ ಕರೆದಳು.

"ರೀ, ಸ್ವಲ್ಪ ಬನ್ನಿ ಇಲ್ಲಿ. ನೀವು ನೆಟ್ಟ ಕೋಲು ಚಿಗುರಿದೆ."

ಹೋಗಿ ನೋಡಿದೆ. ಗಿಣ್ಣುಗಿಣ್ಣಿಗೂ ಹಸಿರು.

"ಇದು ಚಿಗುರಲ್ಲ ಕಣೇ. ಕಾಂಡದಲ್ಲಿ ಸ್ವಲ್ಪ ಆಹಾರ ಉಳಿದಿರುತ್ತೆ. ಅದು ಮುಗಿಯೋ ತನಕ ಹೀಗೆ ಆಡುತ್ತೆ. ಆರೋ ದೀಪ ಜೋರಾಗಿ ಉರಿಯೋದಿಲ್ವೆ, ಹಾಗೆ."

ಕೆಲವು ದಿನ ಬಿಟ್ಟು ಆರುವ ದೀಪ ಹೂ ಬಿಟ್ಟಿತು. ಹೀರೆಬಳ್ಳಿ ಎಲ್ಲಿ ಹೋಯಿತೋ ಕಾಣಲಿಲ್ಲ.

"ಅಲ್ರೀ, ಇಲ್ಲೇ ಹೀಗಾದ್ರೆ ಅಲ್ಲಿ ತೋಪಿನಲ್ಲಿ ಬೇರು ಸಮೇತ ಇದೆಯಲ್ಲ. ಒಂದ್ಸಲ ಹೋಗಿ ನೋಡ್ಕೊಂಡಾದ್ರೂ ಬನ್ನಿ."

"ನೀನು ಸಸ್ಯಶಾಸ್ತ್ರ ಓದಿದ್ದೀಯ?"

"ಇಲ್ಲ. ಅದಕ್ಕೇ ನೋಡ್ಕೊಂಡು ಬನ್ನಿ ಅಂತಿರೋದು."

ನಾನು ಹೋಗಲಿಲ್ಲ. ಕಾಲೇಜು ತೆರೆದಿತ್ತು, ಭಾಷಣ ತಿದ್ದುವುದಿತ್ತು ಎಂಬುದು ನೆಪ. ಹೋಗಿ ನೋಡಿದರೆ ಏನಾದರೂ ಕಂಡೀತು ಎಂಬ ಭಯ ನಿಜ. ಕಂಡರೆ ಲೋಟ ಹೋದೀತು. ಕಾಣದಿದ್ದ ಪಕ್ಷದಲ್ಲಿ ಇಲ್ಲವೆಂದೇ ಅರ್ಥ ಎಂಬ ತತ್ತ್ವವನ್ನು ಹಿಡಿದು ನಾನು ಶ್ರಾವಣದ ತನಕ ನೆಮ್ಮದಿಯಾಗಿದ್ದೆ.

ಗೊತ್ತು ಮಾಡಿದ ದಿನ ಬಂತು. ವಾಸುದೇವ ವಿಶ್ವವಿದ್ಯಾಲಯದ ವ್ಯಾನಿನಲ್ಲಿ ಒಂಟಿಕೊಪ್ಪಲಿಗೆ ಬಂದ. ಮಾವನವರು ಕರಿ ಕೋಟು ತೊಟ್ಟು, ಜರಿಪೇಟ ಇಟ್ಟುಕೊಂಡು ಸಿದ್ಧರಾಗಿದ್ದರು. ನಾನು ಭಾಷಣವನ್ನು ಜೇಬಿನಲ್ಲಿಟ್ಟು ಇಸ್ತ್ರಿಯ ಪಂಚೆ ಉಟ್ಟಿದ್ದೆ. ವ್ಯಾನು ಹತ್ತುವ ಮುಂಚೆ ವಾಸುದೇವ ಗೇಟಿನ ಪಕ್ಕ ಬಗ್ಗಿದ.

"ಅತ್ತೆ, ಇದೇನು ಲಂಟಾನದ ಸಸಿ ಇಲ್ಲಿ?"

"ಅದೇನೋ ಗೊತ್ತಿಲ್ಲಪ್ಪ. ತಾನಾಗೇ ಹುಟ್ತು. ಹೂವಿನ ಗಿಡದ ಹಾಗಿದೆ ಅಂತ ದಿನಾ ನೀರು ಹಾಕ್ತಿದ್ದೀನಿ," ಎಂದರು ಅತ್ತೆಯವರು.

"ಹಕ್ಕಿ ತಂದಿರುತ್ತೆ," ಎಂದೆ ನಾನು ಬೇಗನೆ.

ವ್ಯಾನು ಹೊರಟಿತು. ವಾಸುದೇವ ಕಿಟಕಿಯ ಪಕ್ಕ ಕೂತು ಹೊರಗೆ ನೋಡುತ್ತಿದ್ದ. ಮೋರಿಯ ಹತ್ತಿರ ಒಂದು ಸಸಿ. ತಿರುವಿನಲ್ಲಿ ಎರಡು. ಗಾಡಿ ಗುಂಡಿಗೆ ಇಳಿದು ಜೋರಾಗಿ ಕುಲುಕಿದ್ದ ಜಾಗ ನನಗೆ ನೆನಪಿತ್ತು. ಅಲ್ಲಿ ಒಂದು ಮಡಿಯೇ ಎದ್ದಿತ್ತು. ಊರು ದಾಟಿ ಹೂಟಗಳ್ಳಿಯ ದಾರಿ ಹಿಡಿದರೂ ಸಸಿಗಳ ಸಾಲು ನಮ್ಮ ಜೊತೆಯಲ್ಲೇ ಬಂತು.

"ವಿಚಿತ್ರವಾಗಿದೆಯಲ್ಲ ಅಣ್ಣಯ್ಯ," ಎಂದ ವಾಸುದೇವ, "ಹಕ್ಕಿ ಹೀಗೆ ರಸ್ತೆ ಹಿಡ್ಕೊಂಡು ಹಾರೋದಿಲ್ಲ. ಇದು ಗಾಡಿಯ ಜಾಡು."

"ಮಳೆ ಚೆನ್ನಾಗಿ ಆಗಿದೆ ಈ ಸಲ," ಎಂದೆ.

ತೋಪು ಬಂತು. ಅಲ್ಲಿನ ಗ್ರಾಮಸೇವಕರು ಸುತ್ತಲ ಹಳ್ಳಿಯ ರೈತರನ್ನು ಸೇರಿಸಿ ರಸ್ತೆಯ ಅಂಚಿನ ಆಲದ ಕೆಳಗೆ ಕೂರಿಸಿದ್ದರು. ನನಗೆಂದು ಒಂದು ಹೂವಿನ ಹಾರವೂ ಇತ್ತು. ಅದೇ ತತ್ತ್ವ ಹಿಡಿದು ತೋಪಿನ ಕಡೆ ಕಣ್ಣು ಹಾಯಿಸದೆ ಹಾರ ಹಾಕಿಸಿಕೊಂಡು, ಜೇಬಿನಿಂದ ಭಾಷಣ ತೆಗೆದು, "ಮಹಾಶಯರೇ, ನನ್ನ ಹಿಂದೆ ಕಾಣುತ್ತಿರುವ ಈ ನಿರ್ಮಲವಾದ ತೋಪನ್ನು ಅವಲೋಕಿಸಿರಿ," ಎಂದು ಕೈ ತೋರಿಸುತ್ತ ತಿರುಗಿದೆ.

ತೋಪು ಹಸಿರಾಗಿತ್ತು. ಒಂದು ಬುಡ ಇದ್ದ ಕಡೆ ಹತ್ತು ಕೊನರು ಎದ್ದು, ಎದೆಯ ಮಟ್ಟಕ್ಕೆ ಬೆಳೆದು, ಗಾಳಿಗೆ ತಲೆದೂಗುತ್ತಿತ್ತು. ಬೇಸಿಗೆಯಲ್ಲಿ ನಾನು ಕಂಡಾಗ ಅಷ್ಟಿಷ್ಟು ಒಣಕಲಾಗಿದ್ದ ಗಿಡ ಈಗ ಕ್ಷೌರ ಮಾಡಿಸಿಕೊಂಡು ಅಭ್ಯಂಜನ ಮಾಡಿದ ಮದುಮಗನ ಹಾಗಿತ್ತು. ಮೇಲೆ ಕೆಂಪು ಹಳದಿ ಹೂವು ಬೇರೆ.

ಮುಂದೆ ಕೂತಿದ್ದ ಒಬ್ಬ ಮುದುಕರು ಪಕ್ಕದವನಿಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತು.

"ಮೇಷ್ಟ್ರು ಯಾವ ಗೊಬ್ರ ಆಕ್ಸವ್ರೆ ಕೇಳ್ಲಾ. ನಮ್ ರಾಗಿಗೂ ಅದ್ನೇ ಆಕುವ."

ಸಭೆ ನಕ್ಕಿತು. ನಾನು ಮಾವನವರ ಮುಖ ನೋಡಲಿಲ್ಲ. ಅವರ ಪೇಟದ ಜರಿ ಮಾತ್ರ ಕಣ್ಣಂಚಿನಲ್ಲಿ ನಡುಗಿದ ಹಾಗೆ ಕಂಡಿತು. ನನ್ನ ಕೊರಳಲ್ಲಿ ಹಾರ, ಕೈಯಲ್ಲಿ ಭಾಷಣ. ಓಡಿಹೋಗುವುದಕ್ಕೆ ಹಿಂದೆ ಲಂಟಾನ, ಮುಂದೆ ರೈತರು. ಅವಲೋಕಿಸಿರಿ ಎಂದು ನಾನೇ ಹೇಳಿಯಾಗಿತ್ತು, ಅವರು ಅವಲೋಕಿಸುತ್ತಿದ್ದರು.

ಆಗ ವಾಸುದೇವ ಎದ್ದು ನಿಂತ. ಈಗ ಇವನ ಕಾಲ ಬಂತು, ಕಳೆ ಕದ್ದವನನ್ನು ಎಲ್ಲರ ಎದುರಿಗೆ ಹಿಡಿದುಕೊಡುತ್ತಾನೆ ಎಂದುಕೊಂಡೆ. ನಾನಾಗಿದ್ದರೆ ಹಾಗೇ ಮಾಡುತ್ತಿದ್ದೆ.

"ನಗಬೇಡಿ," ಎಂದ ವಾಸುದೇವ ಮೆತ್ತಗೆ. "ಇದನ್ನ ಹೋಲಿಕೆ ತಾಕು ಅಂತೀವಿ ನಾವು. ಸರಿಯಾದ್ದು ಯಾವುದು ಅಂತ ತಿಳೀಬೇಕಾದ್ರೆ ಪಕ್ಕದಲ್ಲಿ ತಪ್ಪು ಯಾವುದು ಅಂತಾನೂ ಕಾಣಬೇಕು. ಬುಡ ಬಿಟ್ಟು ಬರೀ ಮೇಲೆ ಕಡಿದ್ರೆ ಏನಾಗುತ್ತೆ ಅನ್ನೋದನ್ನ ನಿಮ್ಮ ಕಣ್ಣಿಗೆ ತೋರಿಸಬೇಕು ಅಂತ ನಮ್ಮ ಅಣ್ಣಯ್ಯನವರು ಬೇಸಿಗೇಲಿ ಬಿಸಿಲಲ್ಲಿ ನಿಂತು ಇದನ್ನ ಮಾಡಿಸಿದ್ದಾರೆ. ಹಣ್ಣು ತುಂಬಿದ ಗಿಡಾನ ಗಾಡೀಲಿ ಸಾಗಿಸಿದ್ರೆ ಬೀಜ ಎಲ್ಲೆಲ್ಲಿ ಬೀಳುತ್ತೆ ಅನ್ನೋದನ್ನೂ ದಾರಿಯುದ್ದ ತೋರಿಸಿದ್ದಾರೆ. ತಮ್ಮ ಹೆಸರು ಕೆಟ್ಟರೂ ಪರವಾಗಿಲ್ಲ, ರೈತರು ಕಲೀಲಿ ಅಂತ."

ರೈತರು ತಲೆದೂಗಿದರು. ಒಬ್ಬಿಬ್ಬರು ನನಗೆ ಕೈ ಮುಗಿದರು. ಅಷ್ಟರಲ್ಲಿ ಸಭೆಯ ಹಿಂದಿನಿಂದ ಒಂದು ದನಿ ಬಂತು. ಕುಂಬಾರ ಚೆಲುವಯ್ಯ! ತೋಪಿನಲ್ಲಿ ಸಭೆ ಎಂದು ಕೇಳಿ ಅವನೂ ಬಂದಿದ್ದ.

"ಬುದ್ಧೀ, ಬೋ ಪಸಂದಾಗಿ ಬೆಳ್ಸಿದ್ದೀರಿ. ಗಾಡಿ ಈಗ್ಲೇ ತರ್ಲಾ, ಇನ್ನೂ ಬಲೀಲಿ ಅಂತೀರಾ? ವರ್ಷಾ ಇಂಗೇ ಮಾಡ್ಬುಟ್ರೆ ನಮ್ಗೆ ಸೌದೆ ಚಿಂತೇನೇ ಇಲ್ಲ."

ಅವನನ್ನು ಗ್ರಾಮಸೇವಕರು ಕೂರಿಸಿದರು. ವಾಸುದೇವ ಕೋಟು ಬಿಚ್ಚಿ ಪಿಕಾಸಿ ಹಿಡಿದ. ಪೊದೆಯನ್ನು ಹಣ್ಣು ಬಿಡುವ ಮುಂಚೆ ತೆಗೆಯಬೇಕು ಎಂದ. ಬುಡದ ಸುತ್ತ ಮಣ್ಣು ಬಿಡಿಸಿ, ಬೇರು ಕಾಂಡಕ್ಕೆ ಸೇರುವ ಗಂಟಿನ ಕೆಳಗೆ ಕಡಿದು, ಇಡೀ ಬುಡವನ್ನು ಎತ್ತಿ ತಲೆಕೆಳಗಾಗಿ ನಿಲ್ಲಿಸಿದ. ಬೇರು ಆಕಾಶ ನೋಡಿದರೆ ಮತ್ತೆ ನೆಲ ಹಿಡಿಯುವುದಿಲ್ಲ ಎಂದ. ತೆರವಾದ ಜಾಗಕ್ಕೆ ಹುಲ್ಲಿನ ಬೀಜ ಚೆಲ್ಲಿದ. ಹಿಂದೆಯೇ ರೈತರೂ ಪಿಕಾಸಿ ಹಿಡಿದು ಇಳಿದರು. ಫೋಟೊದವನು ಬಂದಾಗ ಕಿತ್ತ ಬುಡವನ್ನು ಎತ್ತಿ ಹಿಡಿಯುವ ಗೌರವವನ್ನು ನನಗೇ ಕೊಟ್ಟರು. ಫೋಟೊ ಈಗಲೂ ಇದೆ. ಮುಖಕ್ಕೆ ಬೇರು ಅಡ್ಡ ಬಂದಿದೆ, ಅಷ್ಟು ಪುಣ್ಯ.

ಹೊರಡುವ ಮುಂಚೆ ವಾಸುದೇವ ನನ್ನನ್ನು ಪಕ್ಕಕ್ಕೆ ಕರೆದ.

"ಅಣ್ಣಯ್ಯ, ಬೇಜಾರು ಮಾಡ್ಕೋಬೇಡಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಹೀಗೇ ಬರೀ ಮೇಲೆ ಕಡಿಸಿದ್ದೆ. ಮೇಲಿನವರು ಬಂದು ನೋಡಿದಾಗ ಇದಕ್ಕಿಂತ ಎತ್ತರ ಬೆಳೆದಿತ್ತು."

ಅವನು ಸಮಾಧಾನ ಹೇಳಿದ್ದು. ನನಗೆ ಮಾತ್ರ ಒಳಗೆ ಚುರುಕ್ ಎಂದಿತು. ತಪ್ಪು ಮಾಡುವುದರಲ್ಲೂ ಇವನು ನನಗಿಂತ ಮುಂಚೆ, ನನಗಿಂತ ಎತ್ತರ! ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಒಳ್ಳೆಯತನ ಮಾಡಿದವನನ್ನು ಏನು ಮಾಡುವುದು? ಈ ಒಳ್ಳೆಯತನದ ಮೇಲೆಯೇ ನನಗೆ ಹೊಟ್ಟೆಕಿಚ್ಚಾಯಿತು.

ಮಧ್ಯಾಹ್ನ ಒಂಟಿಕೊಪ್ಪಲಿನಲ್ಲಿ ಊಟವಾಯಿತು. ಜಾನಕಿಗೂ ಪದ್ಮಳಿಗೂ ಮಾವನವರೇ ಸಭೆಯ ವೃತ್ತಾಂತ ಹೇಳಿದರು. ವಾಸುದೇವ ಹೇಳಿದ್ದನ್ನು ಅವರು ಅಕ್ಷರಶಃ ನಂಬಿದ್ದರು.

"ಮರ್ಯಾದೆ ಪಣಕ್ಕಿಟ್ಟು ಪಾಠ ಹೇಳೋದು ಸಾಮಾನ್ಯವೆ? ವಾಸುದೇವರಾಯರು ತೋಪಿನ ಒಂದು ಮೂಲೇನ ಹಾಗೇ ಬಿಟ್ಟಿದ್ದಾರೆ, ಮುಂದೆ ಬರೋ ರೈತರು ನೋಡಲಿ ಅಂತ. ಒಂದು ಹಲಗೆ ಬರೆಸಿ ನಿಲ್ಲಿಸ್ತಾರಂತೆ, 'ಹೋಲಿಕೆ ತಾಕು, ಸೀತಾಪತಿ' ಅಂತ. ನಮ್ಮ ವಂಶದ ತೋಪಿನಲ್ಲಿ ಹಿರಿ ಅಳಿಯಂದಿರ ಹೆಸರು."

ಜಾನಕಿ ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಹೋದಳು. ಅಲ್ಲಿಂದ ಸ್ವಲ್ಪ ಹೊತ್ತು ಕೆಮ್ಮಿನಂಥ ಸದ್ದು ಬಂತು.

ಆಮೇಲೆ ಕಾಫಿ ಬಂತು. ತಟ್ಟೆಯ ಮೇಲೆ ಬೆಳ್ಳಿ ಲೋಟ ಹೊಳೆಯುತ್ತಿತ್ತು. ಅತ್ತೆಯವರು ಅದನ್ನು ನೇರವಾಗಿ ನನ್ನ ಮುಂದೆ ತಂದಿಟ್ಟರು. ಮಾವನವರು ತಲೆ ಆಡಿಸಿದರು. ಲೋಟ ನನ್ನದಾಯಿತು, ಇನ್ನು ಯಾರೂ ಕಿತ್ತುಕೊಳ್ಳಲಾರರು. ಎರಡು ಬೆರಳಲ್ಲಿ ಹಿಡಿದೆ. ಕಾದ ಕಬ್ಬಿಣದ ಹಾಗಿತ್ತು. ಆದರೂ ಗಂಭೀರವಾಗಿ ಎತ್ತಿ, ಪಾಪ, ವಾಸುದೇವನಿಗೆ ಹಿತ್ತಾಳೆ ಬಂದಿರಬೇಕು ಎಂದು ಕರುಣೆಯಿಂದ ಆ ಕಡೆ ನೋಡಿದೆ.

ಅವನ ಕೈಯಲ್ಲಿ ಸ್ಟೀಲು ಲೋಟ ಇತ್ತು.

ಆಗಿನ್ನೂ ಮೈಸೂರಿನಲ್ಲಿ ಸ್ಟೀಲು ಪಾತ್ರೆ ಹೊಸದು. ಒಂದು ಮನೆಗೆ ಸ್ಟೀಲು ಲೋಟ ಬಂದರೆ ಅಕ್ಕಪಕ್ಕದವರು ಬಂದು ಅದರಲ್ಲಿ ಮುಖ ನೋಡಿಕೊಂಡು ಹೋಗುತ್ತಿದ್ದರು. ನನ್ನದಕ್ಕಿಂತ ದೊಡ್ಡದು. ಅಂಚು ಅಗಲವಾಗಿ ಹೊರಕ್ಕೆ ಮಡಿಸಿದ್ದರಿಂದ ಬೆರಳು ಸುಡುವ ಮಾತೇ ಇಲ್ಲ. ವಾಸುದೇವ ಸುಖವಾಗಿ ಕುಡಿಯುತ್ತಿದ್ದ.

"ಬೆಳ್ಳೀದು ಕೈ ಸುಡುತ್ತೆ ಅಂತ ಅಂದಿದ್ರಲ್ಲ, ಅದಕ್ಕೇ ಇವರಿಗೆ ಅಂತಲೇ ತರಿಸಿದೆ," ಎಂದರು ಮಾವನವರು. "ತಿರುಗಿಸಿ ತೋರಿಸಿ ವಾಸುದೇವರಾಯರೇ."

ಅವನು ಸಂಕೋಚದಿಂದ ತಿರುಗಿಸಿದ. ಲೋಟದ ಮೇಲೆ ಅವನ ಹೆಸರು ಕೊರೆಸಿದ್ದರು. ಅಕ್ಷರ ಬಹಳ ಮುದ್ದಾಗಿತ್ತು. ನನ್ನ ಹೆಸರು ಬರುವುದು ಲಂಟಾನದ ನಡುವಿನ ಹಲಗೆಯ ಮೇಲೆ.

ಮುಖದಲ್ಲಿ ಏನನ್ನೂ ತೋರಿಸಲಿಲ್ಲ ಎಂದುಕೊಂಡೆ. ಬಾಗಿಲ ಹತ್ತಿರ ನಿಂತಿದ್ದ ಜಾನಕಿ ಹತ್ತಿರ ಬಂದು, ನನಗೆ ಮಾತ್ರ ಕೇಳುವ ಹಾಗೆ ಹೇಳಿದಳು.

"ರೀ, ಬುಡ ಹಾಗೇ ಉಳಿದಿದೆ ಅನ್ಸತ್ತೆ."

"ಎಲ್ಲಿ, ತೋಪಿನಲ್ಲಾ? ಇಲ್ವಲ್ಲ, ಆ ಮೂಲೆ ಬಿಟ್ಟು ಇವತ್ತು ಎಲ್ಲಾನೂ ಕಿತ್ತರಲ್ಲ."

"ತೋಪಿನಲ್ಲಲ್ಲ," ಎಂದಳು ನನ್ನ ಮುಖವನ್ನೇ ನೋಡುತ್ತ.

ನಾನು ಕಾಫಿಯನ್ನು ಒಂದೇ ಗುಟುಕಿಗೆ ಕುಡಿದೆ. ನಾಲಿಗೆ ಸುಟ್ಟಿತು.